ನೈಋತ್ಯ ಮೂಲೆಯ ಮಗ್ಗ

"ಇಲ್ಲಿ ಮನಿ ಕಟ್ರಿ ಅಂತ ನಿಮಗ ಯಾರು ಹೇಳಿದ್ರು?"

ಗುಳೇದಗುಡ್ಡದ ಆ ಪ್ಲಾಟಿನ ಮೇಲಂಚಿನಲ್ಲಿ ನಿಂತು ನಾನು ಆಡಿದ ಮೊದಲ ಮಾತು ಇದು. ಮನೆ ಕಟ್ಟಿಸುವವರ ಹತ್ತಿರ ಹೀಗೆ ಮಾತಾಡಬಾರದು ಅಂತ ಬಾಗಲಕೋಟೆಯ ನನ್ನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಾಗ ನನಗೂ ಗೊತ್ತಿರುತ್ತದೆ. ಬಿಸಿಲಿಗೆ ಬಂದರೆ ಮರೆತುಹೋಗುತ್ತದೆ.

"ಯಾರೂ ಹೇಳಿಲ್ರಿ ಮೇಡಂ. ನಮಗ ಸಿಕ್ಕಿದ್ದು ಇದೊಂದ," ಅಂದರು ಮಾಸ್ತರರು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕರು, ಐವತ್ತರ ಆಸುಪಾಸಿನವರು. ಯಾರು ಬೈದರೂ ಮೊದಲು ನಕ್ಕು ಆಮೇಲೆ ಉತ್ತರ ಕೊಡುವ ಜಾತಿಯ ಮನುಷ್ಯ. ಅವರ ಹೆಂಡತಿ ಪಕ್ಕದಲ್ಲಿ ಸೆರಗು ತಲೆ ಮೇಲೆ ಎಳೆದುಕೊಂಡು ನಿಂತಿದ್ದರು. ಅವರು ಪ್ಲಾಟು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಪ್ಲಾಟು ನಲವತ್ತು-ಅರವತ್ತರದ್ದು. ಪೂರ್ವಕ್ಕೆ ರಸ್ತೆ, ರಸ್ತೆಯಾಚೆ ಗುಡ್ಡ. ರಸ್ತೆಯಿಂದ ಪಶ್ಚಿಮದ ಬೇಲಿಯವರೆಗೆ ನೆಲ ಇಳಿಯುತ್ತಲೇ ಹೋಗಿತ್ತು. ರಸ್ತೆಯಂಚಿಗೆ ಒಂದು ಲಿಂಬೆಹಣ್ಣು ಇಟ್ಟರೆ ಅದು ಬೇಲಿ ಮುಟ್ಟಿಯೇ ನಿಲ್ಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಮನೆಯ ನಕ್ಷೆ ಬರೆಯುವ ನಮ್ಮ ಕಸುಬಿನವರನ್ನು ಜನ ಆಡಿಕೊಳ್ಳುತ್ತಾರೆ. ಇಲ್ಲಿ ನೆಲ ಖರೆ ಖರೆ ಡೊಂಕಾಗಿತ್ತು. ನನ್ನ ಕಟ್ಟಡಗಳಿಗೆಲ್ಲ ಗಾರೆ ಕೆಲಸ ಮಾಡುವ ಗೌಂಡಿ ಚಾಚಾ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಒಂದು ತುದಿ ಮೇಲೆ ಹಿಡಿದ, ಇನ್ನೊಂದು ತುದಿ ಹಿಡಿದುಕೊಂಡು ನಾನು ಕೆಳಗಿಳಿದೆ. ಮಟ್ಟದ ವ್ಯತ್ಯಾಸ ಒಂಬತ್ತು ಅಡಿ ಬಂತು. ಒಂದೇ ಸಮಾಧಾನವೆಂದರೆ ಹಿಂಬದಿಯ ಪಟ್ಟಿ ಮಾತ್ರ, ಉತ್ತರದ ಬೇಲಿಯಿಂದ ದಕ್ಷಿಣದ ಬೇಲಿಯವರೆಗೆ, ಹೆಚ್ಚುಕಡಿಮೆ ಸಮತಟ್ಟಾಗಿತ್ತು.

ಅಳತೆ ಮುಗಿದ ಮೇಲೆ ಆಕೆ ಮೊದಲ ಸಲ ಬಾಯಿಬಿಟ್ಟರು. "ಮನಿ ಹೆಂಗರ ಇರ್ಲಿ ಮೇಡಂ. ನನ್ನ ಮಗ್ಗ ಕೂಡಬೇಕು."

ಅವರ ಮಗ್ಗ ನೋಡದೆ ನಕ್ಷೆ ಬರೆಯುವ ಹಾಗಿರಲಿಲ್ಲ. ಊರೊಳಗಿನ ಓಣಿಯಲ್ಲಿ ಅವರ ಬಾಡಿಗೆ ಮನೆ. ಪಡಸಾಲೆಯ ಮೂಲೆಯಲ್ಲಿ ಕುಣಿಮಗ್ಗ. ನೆಲದಲ್ಲಿ ಮೂರಡಿ ಆಳದ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯುತ್ತ ನೇಯುವ ಮಗ್ಗ ಅದು. ನೇಯುವವರ ಎದುರಿಗೆ ಉದ್ದಕ್ಕೆ ಹಾಸಿನ ಎಳೆಗಳು ಹರಡಿರುತ್ತವೆ. ಅವುಗಳ ಕೊನೆಗೆ ಹಗ್ಗ ಕಟ್ಟಿ, ಆಚೆ ಗೋಡೆಯ ಹತ್ತಿರದ ಗೂಟಕ್ಕೆ ಸುತ್ತಿ, ತಿರುಗಿ ನೇಯುವವರ ಕೈಹತ್ತಿರವೇ ತಂದು ಬಿಗಿದಿರುತ್ತಾರೆ. ಕುಪ್ಪಸದ ಖಣ ನೇಯ್ದಷ್ಟೂ ಕೂತಲ್ಲಿಂದಲೇ ಹಗ್ಗ ಸಡಿಲಿಸುತ್ತ ಹೋಗಬೇಕು. ಹಾಗಾಗಿ ಕುಣಿ ಒಂದು ಮೂಲೆಯಲ್ಲಿದ್ದರೂ ಮಗ್ಗ ಕೇಳುವುದು ಇಡೀ ಪಡಸಾಲೆಯ ಉದ್ದ. ಟೇಪು ಹಿಡಿದು ನೋಡಿದೆ: ಬೆನ್ನ ಹಿಂದಿನ ಗೋಡೆಯಿಂದ ಗೂಟದವರೆಗೆ ಮೂವತ್ತು ಅಡಿ, ಒಂದೂ ಮೆಟ್ಟಿಲಿಲ್ಲದ ನೆಲ.

"ಇಳೀರಿ, ಕುಂತು ನೋಡ್ರಿ," ಅಂದರು ಆಕೆ. ನಾನು ಕುಣಿಯಲ್ಲಿ ಕಾಲಿಟ್ಟೆ. ಹೊರಗೆ ಬಿಸಿಲು ಹೆಂಚಿನ ಹಾಗೆ ಕಾದಿತ್ತು, ಪಾದಕ್ಕೆ ಮಾತ್ರ ತಂಪು ಹತ್ತಿತು. "ಈ ತಂಪಿಗೆ ಎಳಿ ಹರಿಯೂದಿಲ್ಲ. ಸ್ಲ್ಯಾಬಿನ ಮ್ಯಾಲ ಮಗ್ಗ ಇಟ್ರ ದಿನಾ ಹರದ ಎಳಿ ಗಂಟು ಹಾಕೂದ ಆಗತೈತಿ. ನೆಲಾನ ಬೇಕು." ಕುಣಿಯನ್ನು ಮಣ್ಣಿನ ನೆಲದಲ್ಲೇ ತೋಡಬೇಕು, ಆದರೆ ಅದರಲ್ಲಿ ನೀರು ನಿಲ್ಲಬಾರದು.

ಮಗ್ಗ ಬರಿದಾಗಿತ್ತು. ಎಳೆ ಇರಲಿಲ್ಲ. ಯಾಕೆ ಅಂತ ಕೇಳಿದೆ. ಹಾಸು ಅರ್ಧಕ್ಕಿರುವಾಗ ಮಗ್ಗ ಬಿಚ್ಚಬಾರದು ಅನ್ನುವುದು ಅವರ ಮನೆತನದ ರೀತಿ. ಮನೆಯ ಮಾಲೀಕರು ಆ ಹಳೇ ಮನೆ ಕೆಡವುವವರಿದ್ದರು, ದೀಪಾವಳಿಗೆ ಬಿಟ್ಟುಕೊಡಬೇಕಿತ್ತು. ಹೊಸ ಜಾಗ ಗೊತ್ತಾಗುವವರೆಗೆ ಹೊಸ ಹಾಸು ಹೂಡುವುದಿಲ್ಲ ಅಂತ ಆಕೆ ಕೈಕಟ್ಟಿ ಕೂತಿದ್ದರು. ಬಿಚ್ಚಿಟ್ಟ ಮಗ್ಗ ಮತ್ತೆ ಏಳುವುದಿಲ್ಲ ಅನ್ನುವುದು ಅವರ ಭಯ. ಅವರ ಓಣಿಯಲ್ಲೇ ಮನೆ ರಿಪೇರಿಗೆಂದು ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ ಇಬ್ಬರು ಹೆಂಗಸರು ಆಮೇಲೆ ಲಾಳಿ ಮುಟ್ಟಿರಲಿಲ್ಲ.

"ಮಗ್ಗ ನಿಂತ್ರ ನಾ ಏನು ಮಾಡ್ಲಿರಿ? ಎಂಟು ವರ್ಷದಾಕಿ ಇದ್ದಾಗಿಂದ ಕುಂತೇನಿ," ಅಂದರು. ಅವರು ದನಿ ಏರಿಸಲಿಲ್ಲ, ಕಣ್ಣೀರೂ ಹಾಕಲಿಲ್ಲ. ಅದಕ್ಕೇ ನನಗೆ ಹೆಚ್ಚು ಅಂಜಿಕೆ ಬಂತು.

ದೀಪಾವಳಿಗೆ ಇಡೀ ಮನೆ ಏಳುವುದು ಸಾಧ್ಯವಿರಲಿಲ್ಲ. ಮಗ್ಗದ ಕೋಣೆಯನ್ನು ಮೊದಲು ಕಟ್ಟಿ, ಮಗ್ಗವನ್ನು ಅಲ್ಲಿಗೆ ಸಾಗಿಸಿ, ಉಳಿದದ್ದನ್ನು ಆಮೇಲೆ ಕಟ್ಟುವುದು ಅಂತ ತೀರ್ಮಾನಿಸಿದೆವು. ಆಗ ಇನ್ನೂ ಮುಂಗಾರಿನ ಆರಂಭ.

ನಕ್ಷೆ ಬರೆಯಲು ಕೂತಾಗ ಇಳಿಜಾರಿನ ಮೇಲಿನ ಸಿಟ್ಟು ಕಡಿಮೆಯಾಯಿತು. ನೆಲ ಇಳಿದರೆ ಮನೆಯೂ ಅದರ ಜೊತೆಗೇ ಇಳಿಯಲಿ. ರಸ್ತೆಯ ಮಟ್ಟದಲ್ಲಿ ಕಟ್ಟೆ, ಪಡಸಾಲೆ. ಆರು ಮೆಟ್ಟಿಲು ಇಳಿದರೆ ಅಡುಗೆಮನೆ, ದೇವರಮನೆ, ಮಲಗುವ ಕೋಣೆಗಳು. ಇನ್ನಾರು ಇಳಿದರೆ ಹಿಂಬದಿಯ ಸಮತಟ್ಟು ಪಟ್ಟಿಯಲ್ಲಿ ಅಡ್ಡಕ್ಕೆ ಉದ್ದನೆಯ ಮಗ್ಗದ ಕೋಣೆ. ನಲವತ್ತು ಅಡಿ ಅಗಲದಲ್ಲಿ ಎರಡೂ ಕಡೆ ಬಿಡಬೇಕಾದ ಜಾಗ, ಗೋಡೆ ಕಳೆದರೆ ಒಳಗೆ ಮೂವತ್ತೆರಡು ಅಡಿ ಸಿಗುತ್ತಿತ್ತು. ಇಳಿಜಾರಿನ ಉದ್ದಕ್ಕೇ ಮೂವತ್ತು ಅಡಿ ಸಮ ನೆಲ ಮಾಡಹೊರಟರೆ ಒಂದು ಕಡೆ ಬಂಡೆ ಒಡೆಯಬೇಕು, ಇನ್ನೊಂದು ಕಡೆ ಆಳೆತ್ತರ ಮಣ್ಣು ತುಂಬಬೇಕು. ಅಡ್ಡಕ್ಕೆ ಇಟ್ಟರೆ ಏನೂ ಬೇಡ. ಕುಣಿಯನ್ನು ವಾಯವ್ಯ ಮೂಲೆಯಲ್ಲಿಟ್ಟು ಹಾಸು ದಕ್ಷಿಣಕ್ಕೆ ಚಾಚುವಂತೆ ಮಾಡಿದೆ. ಮಾಸ್ತರರು ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಪಾಯಾ ತೆಗೆಯುವ ಮೊದಲು ಪರೀಕ್ಷೆಗೆಂದು ಮೂರು ಗುಂಡಿ ತೋಡಿಸಿದೆ. ಮೇಲ್ಭಾಗದ ಗುಂಡಿಯಲ್ಲಿ ಮೊಳಕಾಲುದ್ದಕ್ಕೇ ಹಾಸುಬಂಡೆ ಸಿಕ್ಕಿತು. ಪಾಯಾಕ್ಕೆ ಒಳ್ಳೆಯದಾಯಿತು. ವಾಯವ್ಯದಲ್ಲಿ ನಾಲ್ಕಡಿ ತೋಡಿದರೂ ಮೆತ್ತಗೆ ಹೋಯಿತು. ನೈಋತ್ಯದಲ್ಲಿ ಗಟ್ಟಿ ಗರಸು, ಗುದ್ದಲಿ ಬಡಿದರೆ ಕಣಕಣ ಅನ್ನುವಂಥದ್ದು. ಅಂದು ಸಂಜೆ ಮಳೆಯಾಯಿತು. ಹೊಡೆದದ್ದು ಒಂದೇ ತಾಸು. ಮರುದಿನ ಬೆಳಿಗ್ಗೆ ಚಾಚಾನ ಫೋನು ಬಂತು.

"ಮೇಡಂ, ಬಂದು ನೋಡ್ರಿ. ನಿಮ್ಮ ಕುಣ್ಯಾಗ ಎಮ್ಮಿ ಮೈ ತೊಳೀಬಹುದು."

ಹೋಗಿ ನೋಡಿದರೆ ವಾಯವ್ಯದ ಗುಂಡಿಯಲ್ಲಿ ಅರ್ಧದವರೆಗೆ ನೀರು. ನೈಋತ್ಯದ ಗುಂಡಿಯ ತಳದಲ್ಲಿ ಬರೀ ಹಸಿ. ಮೇಲಿಂದ ಬಿದ್ದ ಮಳೆ ನೀರಾಗಿದ್ದರೆ ಎರಡೂ ಕಡೆ ಇರಬೇಕಿತ್ತು. ನೀರನ್ನು ಬಕೆಟ್ಟಿನಿಂದ ಎತ್ತಿಸಿ ನಾನೇ ಗುಂಡಿಗೆ ಇಳಿದೆ. ಪೂರ್ವದ ಮಗ್ಗುಲಿನ ಮಣ್ಣಿನಿಂದ ಸಣ್ಣಗೆ ಬೆವರಿನಂತೆ ನೀರು ಒಸರುತ್ತಿತ್ತು. ಮೇಲೆ ಕಂಡ ಹಾಸುಬಂಡೆ ಮಣ್ಣಿನೊಳಗೆ ವಾಯವ್ಯದ ಕಡೆಗೇ ಜಾರಿಕೊಂಡು ಬಂದಿತ್ತು. ಗುಡ್ಡದ ನೀರು ಅದರ ಬೆನ್ನ ಮೇಲೆ ಹರಿದು ಇಲ್ಲಿ ಬಂದು ಕೂಡುತ್ತಿತ್ತು. ಮಳೆ ನಿಂತು ಮೂರನೆಯ ದಿನಕ್ಕೂ ಅದು ನಿಲ್ಲಲಿಲ್ಲ.

ನಾನು ಸೋಲೊಪ್ಪಲಿಲ್ಲ. ಗುಂಡಿಯ ಮೇಲ್ಬದಿಗೆ ಉದ್ದಕ್ಕೆ ಕಾಲುವೆ ತೋಡಿಸಿ, ಒಡಕು ಕಲ್ಲು ತುಂಬಿಸಿ, ತೂತು ಕೊರೆದ ಪೈಪು ಹಾಕಿಸಿ, ನೀರನ್ನು ಬೇಲಿಯಾಚೆ ದಾಟಿಸಿದೆ. ಮುಂದಿನ ಮಳೆಗೆ ಬಕೆಟ್ಟು ನಾಲ್ಕು ಕಡಿಮೆ ಬಂತು, ಅಷ್ಟೇ. ಆ ನೀರು ಕಾಲುವೆಯ ಕೆಳಗಿನಿಂದಲೂ ಬರುತ್ತಿತ್ತು. ಕುಣಿಯ ಗೋಡೆಗೆ ನೀರು ತಡೆಯುವ ಗಿಲಾವು ಮಾಡಬಹುದು ಅಂತ ಚಾಚಾ ಅಂದ. ಮಾಡಬಹುದಿತ್ತು. ಆದರೆ ವರ್ಷಗಟ್ಟಲೆ ಒತ್ತುವ ನೀರನ್ನು ಒಂದಿಂಚು ಗಿಲಾವು ಎಷ್ಟು ದಿನ ತಡೆದೀತು? ಒಂದು ದಿನ ಸೀಳು ಬಿಟ್ಟರೆ ಆಕೆ ದಿನಾ ಕೆಸರಿನಲ್ಲಿ ಕಾಲಿಟ್ಟು ಕೂರಬೇಕು. ಅದಕ್ಕೆ ನಾನು ಒಪ್ಪಲಿಲ್ಲ.

ಪರಿಹಾರ ಸುಲಭವಾಗಿಯೇ ಹೊಳೆಯಿತು. ಕೋಣೆ ಹಾಗೇ ಇರಲಿ, ಮಗ್ಗವನ್ನು ತಿರುಗಿಸಿದರಾಯಿತು. ಕುಣಿ ನೈಋತ್ಯದ ಗರಸಿನಲ್ಲಿ, ಗೂಟ ಉತ್ತರದ ಗೋಡೆಗೆ. ಕಂಪ್ಯೂಟರಿನಲ್ಲಿ ಚಿತ್ರ ಮಗುಚಲು ಎರಡು ನಿಮಿಷ ಹಿಡಿಯಿತು. ಮಾಸ್ತರರ ಫೋನಿಗೆ ಕಳಿಸಿ, ನೆಮ್ಮದಿಯಿಂದ ಚಹಾ ಕುಡಿದೆ.

ಸಂಜೆ ಅವರ ಕರೆ ಬಂತು. "ಮೇಡಂ, ನಾಳೆ ಒಂದೀಟು ಬರ್ತೀರೇನು? ನಮ್ಮಾಕಿ ಮಗ್ಗಾನ ಬ್ಯಾಡ ಅನಾಕತ್ಯಾಳ."

ಹೋದೆ. ಪಡಸಾಲೆಯಲ್ಲಿ ಆಕೆಯ ಅಣ್ಣ ಕೂತಿದ್ದರು. ಹುನಗುಂದದಲ್ಲಿ ಅವರ ಗೊಬ್ಬರದ ಅಂಗಡಿ. ತಂಗಿಯ ಮೇಲೆ ಜೀವ ಇಟ್ಟುಕೊಂಡವರು, ವಾಸ್ತುವಿನ ಮೇಲೆ ಅದಕ್ಕಿಂತ ತುಸು ಹೆಚ್ಚು. ಫೋನಿನಲ್ಲಿ ದಿಕ್ಸೂಚಿ ತೆರೆದು ನನ್ನ ನಕ್ಷೆಯ ಮೇಲೆ ಇಟ್ಟಿದ್ದರು.

"ಮೇಡಂ, ನೀವು ಓದಿದವ್ರು. ನೈಋತ್ಯ ಮೂಲಿ ಎತ್ತರ ಇರಬೇಕು, ಭಾರ ಇರಬೇಕು. ಅಲ್ಲಿ ಮೂರಡಿ ಕುಣಿ ತೋಡ್ತೇನಿ ಅಂತೀರಲ್ಲ! ನೈಋತ್ಯದಾಗ ತಗ್ಗು ಬಿದ್ರ ಮನಿ ಯಜಮಾನನ ಜೀವಕ್ಕ ಕುತ್ತು. ಸಣ್ಣ ಹುಡುಗ್ರಿಗೂ ಗೊತ್ತಿರೂ ಮಾತಿದು."

ನನಗೂ ಗೊತ್ತಿತ್ತು. ನಮ್ಮ ಕಡೆ ಮನೆಯ ನಕ್ಷೆ ಬರೆಯುವವರು ವಾಸ್ತುವನ್ನು ನಂಬದಿದ್ದರೂ ಕಂಠಪಾಠ ಮಾಡಿರಲೇಬೇಕು. ಆದರೆ ಮಾಸ್ತರರು ಬಸವ ಜಯಂತಿಯ ವೇದಿಕೆಗಳಲ್ಲಿ ಶರಣರ ವಿಚಾರ ಹೇಳುವವರು, ದಿಕ್ಕು-ದೆಸೆ, ಶಕುನ-ಮುಹೂರ್ತ ಎಲ್ಲವನ್ನೂ ಗಾಳಿಗೆ ತೂರುವವರು. ಈ ಮನೆಯಲ್ಲಿ ಆ ಕಾಟವಿಲ್ಲ ಅಂತ ನಾನು ಧೈರ್ಯವಾಗಿದ್ದೆ.

ಮಾಸ್ತರರು ಅದನ್ನೇ ಹೇಳಿದರು. "ನಾವು ಬಸವಣ್ಣನ ಮಕ್ಕಳು. ನಮಗ ಯಾವ ದಿಕ್ಕೂ ಕೆಟ್ಟದ್ದಲ್ಲ. ಊರಿಗೆಲ್ಲಾ ಹೇಳಿ ನನ್ನ ಮನ್ಯಾಗ ನಾನ ಅಂಜಿದ್ರ ಹೆಂಗ? ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ ಅಂದಂಗಾತು."

ಆಕೆ ಒಳಬಾಗಿಲಲ್ಲಿ ನಿಂತಿದ್ದರು. "ನಿಮಗ ಏನರ ಆದ್ರ ನಿಮ್ಮ ವಿಚಾರ ಬಂದು ಮನಿ ನಡಸ್ತೈತೇನು?"

ಆಕೆ ನನ್ನ ಕಡೆ ತಿರುಗಿದರು. "ಮಗ್ಗ ಬ್ಯಾಡ್ರಿ ಮೇಡಂ. ಮನಿ ಅಷ್ಟ ಕಟ್ರಿ. ನನ್ನ ಮಗ್ಗದ ಸಲುವಾಗಿ ಅವರ ಜೀವದ ಮ್ಯಾಲ ಜೂಜು ಆಡಾಂಗಿಲ್ಲ ನಾ."

ಅಣ್ಣನಿಗೂ ತಂಗಿ ಮಗ್ಗ ಬಿಡುವುದು ಬೇಕಿರಲಿಲ್ಲ. ಅವರು ಒಂದು ಉಪಾಯ ತಂದಿದ್ದರು. ಹಿಂಬದಿಗೆ ಕಲ್ಲಿನ ಗೋಡೆ ಎಬ್ಬಿಸಿ, ಮಣ್ಣು ಹೇರಿಸಿ, ಇಡೀ ಪ್ಲಾಟನ್ನು ರಸ್ತೆಯ ಸಮಕ್ಕೆ ತರುವುದು. ಆಗ ನೈಋತ್ಯವೂ ಎತ್ತರವಾಗುತ್ತದೆ, ಮಗ್ಗವನ್ನು ಬೇಕಾದಲ್ಲಿ ಕೂಡಿಸಬಹುದು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ನನಗೆ ತಲೆ ಬಿಸಿಯಾಯಿತು. ಒಂಬತ್ತು ಅಡಿ ತುಂಬಿದ ಮಣ್ಣು ಕುಸಿದು ಕುಸಿದು ಗಟ್ಟಿಯಾಗಲು ಕೆಲವು ಮಳೆಗಾಲಗಳೇ ಬೇಕು. ಅಲ್ಲಿಯವರೆಗೆ ಅದರಲ್ಲಿ ತೋಡಿದ ಕುಣಿಯ ಒಂದು ಅಂಚು ಮೇಲೆ, ಒಂದು ಕೆಳಗೆ. ಮಗ್ಗದ ಚೌಕಟ್ಟು ಒಂದು ಬೆರಳು ವಾರೆಯಾದರೂ ಖಣದ ಅಂಚು ಸೊಟ್ಟಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಗುಡ್ಡದಿಂದ ಒಳಗೊಳಗೇ ಬರುವ ಆ ನೀರೆಲ್ಲ ಹೊಸ ಗೋಡೆಯ ಬೆನ್ನಿಗೆ ನಿಂತು ಒತ್ತುತ್ತದೆ. ಗೋಡೆಯ ಕೆಳಗೆ ಬೇರೆಯವರ ಮನೆಗಳಿದ್ದವು.

"ಈ ನಕ್ಷೆಗೆ ನಾನು ಸಹಿ ಹಾಕೂದಿಲ್ಲ. ಬೇರೆ ಇಂಜಿನಿಯರ್ ನೋಡ್ಕೊಳ್ರಿ," ಅಂದುಬಿಟ್ಟೆ. ಹೇಳಿದ ರೀತಿ ಒರಟಾಯಿತು, ಆದರೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಣ್ಣ ಫೋನು ಕಿಸೆಗೆ ಹಾಕಿಕೊಂಡು ಎದ್ದು ಹೋದರು.

ನಾನು ಗಾಡಿ ಹತ್ತುವಾಗ, ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಚಾಚಾ ಹತ್ತಿರ ಬಂದು ದನಿ ತಗ್ಗಿಸಿದ. "ನಕಾಶಿದಾಗ ಉತ್ತರದ ಬಾಣ ಇರ್ತೈತಲ್ರಿ, ಅದನ್ನ ಚೂರು ತಿರಗಿಸಿಬಿಡ್ರಿ. ನೈಋತ್ಯ ಹೋಗಿ ಪಶ್ಚಿಮ ಆಗತೈತಿ. ಭಾಳ ಮಂದಿ ಹಂಗ ಮಾಡ್ತಾರ. ಪಾಪ, ಆ ತಂಗಿ ಮಗ್ಗ ಉಳೀಲಿ."

ಆತ ಕೆಟ್ಟದ್ದಕ್ಕೆ ಹೇಳಿರಲಿಲ್ಲ. ಮರುದಿನ ಆಫೀಸಿನಲ್ಲಿ ಕೂತು ನಾನು ಬಾಣ ತಿರುಗಿಸಿಯೂ ನೋಡಿದೆ. ಮೂಲೆ ಪಶ್ಚಿಮವಾಯಿತು, ಕುಣಿಗೆ ಯಾವ ದೋಷವೂ ಉಳಿಯಲಿಲ್ಲ. ಅಣ್ಣನ ಫೋನಿನ ದಿಕ್ಸೂಚಿಯನ್ನು ಸುಳ್ಳಾಗಿಸುವುದೂ ಕಷ್ಟವಿರಲಿಲ್ಲ. ಪಕ್ಕದಲ್ಲಿ ಕಬ್ಬಿಣದ ಸರಳು ಬಿದ್ದಿದ್ದರೆ ಅದು ಹೇಗೆ ಬೇಕಾದರೂ ಕುಣಿಯುತ್ತದೆ. ಪ್ರಿಂಟ್ ಕೊಡಬೇಕು, ಅಷ್ಟರಲ್ಲಿ ಆಕೆಯ ಮುಖ ನೆನಪಾಯಿತು. ದಿನಾ ಆ ಕುಣಿಯಲ್ಲಿ ಕಾಲಿಟ್ಟು ಕೂರುವವರು ಅವರು. ಎಂದೋ ಒಂದು ದಿನ, ಯಾರಾದರೂ ಒಬ್ಬರು ಖರೆ ದಿಕ್ಕು ತೋರಿಸುತ್ತಾರೆ. ಆಮೇಲೆ ಮಾಸ್ತರರಿಗೆ ಸಣ್ಣ ಜ್ವರ ಬಂದರೂ ಆಕೆ ಮಗ್ಗದಿಂದ ಎದ್ದು ಕುಣಿಗೆ ಮಣ್ಣು ಎಳೆಯುತ್ತಾರೆ. ಕುಣಿ ಹಸಿಯಾಗಬಾರದು ಅಂತ ಇಷ್ಟು ಹೆಣಗಿದ ನಾನು ಅದನ್ನು ಸುಳ್ಳಿನ ಮೇಲೆ ತೋಡಿಸುವುದೇ? ನನಗೆ ನನ್ನ ಮೇಲೇ ಸಿಟ್ಟು ಬಂತು. ಬಾಣವನ್ನು ಮೊದಲಿನ ಹಾಗೇ ಮಾಡಿದೆ.

ಇದನ್ನು ಗಂಡಸರ ಪಂಚಾಯ್ತಿಗೆ ಬಿಡಬಾರದು, ಇದ್ದದ್ದನ್ನು ಇದ್ದ ಹಾಗೆ ಆಕೆಯೊಬ್ಬರಿಗೇ ಹೇಳಬೇಕು ಅಂತ ಅವತ್ತೇ ನಿರ್ಧರಿಸಿದೆ. ಮಾಸ್ತರರು ಶಾಲೆಗೆ ಹೋದ ಹೊತ್ತಿಗೆ ಹೋದೆ. ಆಕೆ ಬರಿದಾದ ಮಗ್ಗದ ಕಟ್ಟಿಗೆಗೆ ಅರಿವೆಯಿಂದ ಎಣ್ಣೆ ಸವರುತ್ತಿದ್ದರು. ಅಟ್ಟಕ್ಕೆ ಹಾಕುವ ತಯಾರಿ.

ನಾನು ನೆಲದ ಮೇಲೇ ಕೂತು ಮೂರು ಗುಂಡಿಗಳ ಕತೆ ಹೇಳಿದೆ. ಮೇಲೆ ಬಂಡೆ, ವಾಯವ್ಯದಲ್ಲಿ ನೀರು, ಮಣ್ಣು ತುಂಬಿದರೆ ಕುಸಿತ. ಒಣಗಿದ ಗಟ್ಟಿ ನೆಲ ಇರುವುದು ನೈಋತ್ಯದಲ್ಲಿ ಮಾತ್ರ. "ನನಗೆ ವಾಸ್ತುದಲ್ಲಿ ನಂಬಿಕೆ ಇಲ್ಲ. ಆದರೆ ನಿಮಗಿದೆ. ನಿಮ್ಮ ಅಂಜಿಕಿ ಸುಳ್ಳು ಅಂತ ನಾನು ಹೇಳಾಂಗಿಲ್ರಿ. ಬ್ಯಾರೆ ಜಾಗ ಮಾತ್ರ ಇಲ್ಲ."

ಆಕೆ ಅರಿವೆ ಕೆಳಗಿಟ್ಟರು.

"ಯಜಮಾನಗ ಕುತ್ತು ಅಂತಾರಲ್ರಿ. ಯಜಮಾನ ಅಂದ್ರ ಯಾರು? ಗಂಡಸಂತನೋ, ಜಾಗಾ ಯಾರ ಹೆಸರಿಲೆ ಐತಿ ಅವರಂತನೋ?"

"ನನ್ನ ನಕ್ಷೆಯಲ್ಲಿ ಜಾಗ ಯಾರ ಹೆಸರಲ್ಲಿದೆಯೋ ಅವರು. ವಾಸ್ತುದಲ್ಲಿ ಹೆಂಗೋ ನನಗ ಗೊತ್ತಿಲ್ಲ."

ಆಕೆ ಅಲ್ಲೇ ಅಣ್ಣನಿಗೆ ಫೋನು ಹಚ್ಚಿದರು, ನನಗೂ ಕೇಳಲಿ ಅಂತ ದನಿ ಜೋರಾಗಿಟ್ಟರು. ಅಣ್ಣ ತುಸು ಯೋಚಿಸಿ, ತಮ್ಮ ವಾಸ್ತುವಿನವರನ್ನು ಕೇಳಿ ಹೇಳುತ್ತೇನೆಂದರು. ಹತ್ತು ನಿಮಿಷಕ್ಕೆ ತಿರುಗಿ ಕರೆ ಬಂತು. "ಆಸ್ತಿ ಯಾರ ಹೆಸರಿಲೆ ಇರ್ತೈತಿ ಅವರ ಯಜಮಾನ ಅಂತ ನೋಡವ್ವ. ಯಾಕ?"

"ಹಂಗಿದ್ರ ಜಾಗಾ ನನ್ನ ಹೆಸರಿಗೆ ಮಾಡಸ್ತೇನಿ. ಕುತ್ತು ಬಂದ್ರ ನನಗ ಬರಲಿ. ಕುಣ್ಯಾಗ ಕೂಡಾಕಿನೂ ನಾನ."

ಅಣ್ಣನ ದನಿ ಒಡೆದು ಬಂತು. "ಹುಚ್ಚೀ, ಏನು ಮಾತಾಡ್ತಿ? ಮಗ್ಗದ ಸಲುವಾಗಿ ನಿನ್ನ ಜೀವಾ..."

"ಅಣ್ಣಾ, ನೈಋತ್ಯದ ಮಾತು ಸುಳ್ಳು ಅಂತ ಒಂದ ಸಲ ಅನ್ನು. ಹೆಸರು ಬದ್ಲಿ ಮಾಡ್ಸೂದಿಲ್ಲ."

ಅಣ್ಣ ಅನ್ನಲಿಲ್ಲ, ಫೋನಿಟ್ಟರು. ಆ ಕ್ಷಣ ಆ ಮನುಷ್ಯನ ಮೇಲೆ ನನಗೆ ಕನಿಕರವೇ ಬಂತು. ಆಕೆ ಆಗಲೇ ಸವರಿದ್ದ ಕಟ್ಟಿಗೆಗೇ ಮತ್ತೆ ಎಣ್ಣೆ ಸವರತೊಡಗಿದರು. ಅದು ಹುಂಬ ಧೈರ್ಯವಾಗಿರಲಿಲ್ಲ, ಅಂಜಿಕೊಂಡೇ ಆಡಿದ ಮಾತು. ಇದು ಬೇಡ, ಕುತ್ತು ಗಿತ್ತು ಏನೂ ಇಲ್ಲ ಅಂತ ನಾನು ಹೇಳಹೊರಟೆ. ಆಕೆ ಕೈ ಅಡ್ಡ ಹಿಡಿದರು.

ಮಾಸ್ತರರು ಶಾಲೆಯಿಂದ ಬಂದು ವಿಷಯ ಕೇಳಿ ಕುಣಿದಾಡಿದರು. "ಆತು! ನಾಳೇನ ಮಾಡಸೂಣು. ಹೆಣ್ಮಕ್ಕಳ ಹೆಸರಿಲೆ ಆಸ್ತಿ ಮಾಡೂದು ಶರಣರಿಗೂ ಒಪ್ಪುವಂಥಾದ್ದು." ನಾನು ದಾನಪತ್ರದ ಕಾಗದ ಸಿದ್ಧವಾಗುವ ಹೊತ್ತಿಗೆ ನಕ್ಷೆಯನ್ನು ಆಕೆಯ ಹೆಸರಲ್ಲಿ ತಯಾರು ಮಾಡಿಡುತ್ತೇನೆಂದು ಹೇಳಿ ಬಂದೆ. ಪುರಸಭೆಗೆ ಕೊಡಲು ಹೇಗೂ ಮಾಲೀಕರ ಹೆಸರು ಬೇಕಿತ್ತು. ಚಾಚಾ ಹಿಂಬದಿಯಲ್ಲಿ ಸುಣ್ಣದ ಗೆರೆ ಎಳೆದ.

ನಾಲ್ಕೈದು ದಿನಕ್ಕೆ ಮಾಸ್ತರರು ಬಾಗಲಕೋಟೆಯ ನನ್ನ ಆಫೀಸಿಗೆ ಒಬ್ಬರೇ ಬಂದರು. ಈ ಸಲ ನಗಲಿಲ್ಲ. ನೀರು ಕೊಟ್ಟರೆ ಕುಡಿಯದೆ ಲೋಟ ಹಿಡಿದುಕೊಂಡೇ ಕೂತರು.

"ಮೇಡಂ, ಆ ಕುಣಿ ಮೂಲಿ ಬಿಟ್ಟು ಒಂದು ನಾಕಡಿ ಈಚೆ ಸರಸಾಕ ಬರೂದಿಲ್ಲೇನು?"

"ಯಾಕ್ರಿ?"

"ಏನಿಲ್ಲ. ಸುಮ್ನ ಕೇಳಿದ್ನಿ."

"ವೇದಿಕೆ ಮೇಲೆ ದಿಕ್ಕುಗಳಿಗೆಲ್ಲ ನೀರಿಳಿಸುವವರು ನೀವು," ಅಂದೆ. ಚೇಷ್ಟೆಗೆ ಅಂದದ್ದು. ಅವರ ಮುಖ ನೋಡಿದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

"ನಾ ನಂಬಾಂವ ಅಲ್ರಿ, ಈಗೂ ನಂಬೂದಿಲ್ಲ," ಅಂದರು. "ನನ್ನ ಹೆಸರಿಲೆ ಇದ್ದಾಗ ಒಂದು ದಿನಾನೂ ಅಂಜಿಕಿ ಬರ್ಲಿಲ್ಲ. ಅಕಿ ಹೆಸರು ಅಂದಕೂಡ್ಲೇ ಏನಾತೋ ಏನೋ. ಪಾಠ ಮಾಡೂಮುಂದ ತಲ್ಯಾಗ ಅದ ಬರತೈತಿ. ಮನ್ಯಾಗ ಅಕಿ ಕೆಮ್ಮಿದ್ರ ಎದಿ ಝಲ್ ಅಂತೈತಿ."

ನಕ್ಷೆ ಹರಡಿ ಅವರಿಗೆ ತೋರಿಸಿದೆ. ನಾಲ್ಕಡಿ ಉತ್ತರಕ್ಕೆ ಸರಿಸಿದರೆ ಎಳೆಗಳ ಹಾಸು ಚಾಚಲು ಜಾಗ ಸಾಲದು, ಗೂಟ ಗೋಡೆಯಾಚೆ ಹೋಗುತ್ತದೆ. ಪೂರ್ವಕ್ಕೆ ಸರಿಸಿದರೆ ಮಧ್ಯದ ಹಂತದ ಪಾಯಾದ ಬುಡಕ್ಕೆ ಬರುತ್ತದೆ, ಅಲ್ಲಿ ಕುಣಿ ತೋಡಿದರೆ ಮೇಲಿನ ಗೋಡೆಯೇ ಕುಸಿಯುತ್ತದೆ. ಅವರು ಪ್ರತಿಯೊಂದಕ್ಕೂ ಹೂಂ ಅಂದರು. ಮತ್ತೆ ಮೊದಲಿನಿಂದ ಕೇಳಿದರು, ಮತ್ತೆ ಹೇಳಿದೆ. ನನಗಿರುವ ತಾಳ್ಮೆಗೆ ಅದೇ ಹೆಚ್ಚು. ಕೊನೆಗೆ ಅವರು ಎದ್ದರು. "ಹಂಗಾದ್ರ ಮಗ್ಗ ಬಿಡು ಅಂತ ಅಕಿಗೆ ನಾ ಹೇಳಬೇಕಾಗತೈತಿ. ಅದು ನನ್ನ ಬಾಯಾಗ ಬರೂದಿಲ್ಲ," ಅಂದು ಹೋದರು.

ಬಾದಾಮಿಯ ನೋಂದಣಿ ಕಚೇರಿಗೆ ಹೋಗುವ ದಿನ ಗೊತ್ತಾಗಿತ್ತು. ಸಾಕ್ಷಿಗೆ ಇಬ್ಬರು ಬೇಕಿತ್ತು, ನಾನೊಬ್ಬಳು, ಚಾಚಾ ಒಬ್ಬ. ಅಣ್ಣ ಬರಲಿಲ್ಲ. ಆಕೆಯ ಹೆಸರು ಹಾಕಿದ ನಕ್ಷೆಯ ಪ್ರತಿಗಳನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ಅಲ್ಲಿಂದ ನೇರ ಪುರಸಭೆಗೆ ಹೋಗುವುದಿತ್ತು. ಆಕೆ ಇಳಕಲ್ ಸೀರೆ ಉಟ್ಟು, ತಾವೇ ನೇಯ್ದ ಖಣದ ಕುಪ್ಪಸ ತೊಟ್ಟು ಬಂದಿದ್ದರು. ಹಬ್ಬಕ್ಕೆ ಹೊರಟವರಂತೆ ಕಂಡರೂ ತುಟಿ ಒಣಗಿತ್ತು. ಮಾಸ್ತರರು ಬಸ್ಸಿನಲ್ಲಿ ಒಂದು ಮಾತೂ ಆಡಿರಲಿಲ್ಲವಂತೆ. ಕೊನೆ ಗಳಿಗೆಯಲ್ಲಿ ಅವರು ಇದೆಲ್ಲ ಬೇಡ ಅಂದುಬಿಟ್ಟರೆ ಮಗ್ಗದ ಕತೆ ಮುಗಿದಂತೆಯೇ.

ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ ಪತ್ರ ಬರೆಯುವವರ ಮೇಜು. ಅವರು ಕನ್ನಡಕ ಏರಿಸಿ ಕರಡು ಓದಿದರು. ಮೇಲ್ಕಂಡ ನಿವೇಶನವನ್ನು ಪೂರ್ತಿಯಾಗಿ ನನ್ನ ಧರ್ಮಪತ್ನಿಗೆ ಪ್ರೀತಿ ವಿಶ್ವಾಸದಿಂದ ದಾನವಾಗಿ ಕೊಟ್ಟಿರುತ್ತೇನೆ, ಅಂತ.

"ಪೂರ್ತಿ ಅನ್ನೂದನ್ನ ತಗೀರಿ," ಅಂದರು ಮಾಸ್ತರರು. "ಅರ್ಧಾ ಅಂತ ಬರೀರಿ."

ಪತ್ರ ಬರೆಯುವವರು ತಲೆ ಎತ್ತಿದರು. ಆಕೆ ಗಂಡನ ಕಡೆ ತಿರುಗಿದರು. "ಏನಂದ್ರಿ?"

"ಅರ್ಧಾ ನಿನಗ. ಅರ್ಧಾ ನನ್ನ ಹೆಸರಿಲೇನ ಇರ್ಲಿ."

ಆಕೆಯ ಮುಖ ಕೆಂಪಾಯಿತು. "ಕೊಡಾಕ ಮನಸ್ಸು ಬರವಲ್ತೇನು? ಇದನ್ನ ಮನ್ಯಾಗ ಹೇಳಿದ್ರ ಆಗತಿದ್ದಿಲ್ಲ? ನಾಕು ಮಂದ್ಯಾಗ ಹೇಳಬೇಕಿತ್ತ?"

"ಜಾಗಾ ಬೇಕಾದ್ರ ಪೂರಾ ತಗೋ, ಬ್ಯಾಡ ಅನ್ನೂದಿಲ್ಲ," ಅಂದರು ಮಾಸ್ತರರು. ಕಣ್ಣು ಹೆಂಡತಿಯನ್ನು ಬಿಟ್ಟು ಕದಲಲಿಲ್ಲ. "ಕುತ್ತು ಮಾತ್ರ ಪೂರಾ ಕೊಡಾಂಗಿಲ್ಲ."

ಪತ್ರ ಬರೆಯುವವರಿಗೆ ಏನೂ ತಿಳಿಯಲಿಲ್ಲ, ಪೆನ್ನು ಹಿಡಿದು ನಮ್ಮೆಲ್ಲರ ಮುಖ ನೋಡಿದರು. ಚಾಚಾ ಗುಡ್ಡದ ಕಡೆ ಮುಖ ಮಾಡಿ ನಿಂತುಬಿಟ್ಟ. ನನ್ನ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲು ನಾಚಿಕೆಯೂ ಆಗಲಿಲ್ಲ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. ಬೇಡ ಅನ್ನುತ್ತಾರೇನೋ ಅಂದುಕೊಂಡೆ.

"ಏನು ಬರೀಲ್ರಿ?" ಅಂತ ಕೇಳಿದರು ಪತ್ರ ಬರೆಯುವವರು.

"ಅರ್ಧಾನ ಬರೀರಿ," ಅಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನಕಾಶಿದಾಗ ಇಬ್ಬರ ಹೆಸರೂ ಹಾಕ್ರಿ. ನನ್ನ ಹೆಸರು ಮ್ಯಾಲ ಇರ್ಲಿ, ಅವರದು ಕೆಳಗ. ಬರೂದು ಮೊದಲ ನನಗ ಹತ್ತಲಿ," ಅಂದರು.

ಬೇರೆ ದಿನವಾಗಿದ್ದರೆ, ಅಷ್ಟೂ ಪ್ರತಿ ಮತ್ತೆ ತೆಗೆಸಬೇಕಲ್ಲ ಅಂತ ನಾನು ಎರಡು ಮಾತು ಅನ್ನುತ್ತಿದ್ದೆ. ಅವತ್ತು ಕಂಕುಳಲ್ಲಿದ್ದ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿ, ಪೆನ್ಸಿಲಿನಿಂದ ಆಕೆಯ ಹೆಸರಿನ ಕೆಳಗೆ ಮಾಸ್ತರರ ಹೆಸರು ಬರೆದುಕೊಂಡೆ.